ಲೋಕಸಭೆಗೆ ಹೋದ ಉದ್ದಿನ ವಡೆ

ಶಾಮಣ್ಣ: ನಗಬೇಡ್ರೀ ಮೋನಪ್ಪ. ನನ್ನ ಕೆಲಸಕ್ಕೇ ಸಂಚಕಾರ ಬಂದಿದೆ.

ಮುಂಬಯಿಯ ಬೈಕುಲ್ಲಾ ಸ್ಟೇಷನ್ನಿನ ಎದುರಿಗೆ ಮೋನಪ್ಪನವರ ಹೋಟೆಲು. ಗಲ್ಲಾದ ಮುಂದೆ ಬೆವರುತ್ತ ನಿಂತಿದ್ದವರು ಫೌಜಿನ ಲೆಕ್ಕದ ಕಚೇರಿಯ ಗುಮಾಸ್ತ ಶಾಮಣ್ಣ. ಹೋದ ವರ್ಷ ಕಾರ್ಯಾಚರಣೆಗೆ ಹೊರಟ ಪಲ್ಟನ್ನಿಗೆ ಬಂದರಿನಲ್ಲಿ ತಿಂಡಿ ಕೊಟ್ಟವರು ಮೋನಪ್ಪ, ಬಿಲ್ಲು ಪಾಸು ಮಾಡಿದವರು ಶಾಮಣ್ಣ. ಈಗ ವಿರೋಧ ಪಕ್ಷದ ಸದಸ್ಯರೊಬ್ಬರು ದಿಲ್ಲಿಯಲ್ಲಿ ಎದ್ದು ನಿಂತು, ಯುದ್ಧಕ್ಕೆ ಹೋಗುವವರಿಗೆ ಇಷ್ಟೊಂದು ವಡೆ ಏಕೆ ಎಂದು ಕೇಳಿದ್ದರು.

ಮೋನಪ್ಪ: ನಗು ಅಲ್ಲ ರಾಯರೇ, ಖುಷಿ. ನಮ್ಮ ವಡೆಯ ಸುದ್ದಿ ಲೋಕಸಭೆಯಲ್ಲಿ ಬಂತಲ್ಲ. ಬೋರ್ಡಿನಲ್ಲಿ ಬರೆಸ್ತೇನೆ.

ಶಾಮಣ್ಣ: ಹೊಗಳಿದ್ದಲ್ಲ ಕಣ್ರೀ, ಪ್ರಶ್ನೆ ಹಾಕಿರೋದು.

ಮೋನಪ್ಪ: ಎಂತ, ಚಟ್ನಿ ಸಾಕಾಗ್ಲಿಲ್ಲವಂತಾ?

ಶಾಮಣ್ಣ: ಖರ್ಚು ಯಾಕಾಯ್ತು ಅಂತ. ಎಲ್ಲಾ ತರಿಸಿ ಸದನದ ಮೇಜಿನ ಮೇಲೆ ಇಡ್ತೀವಿ ಅಂದುಬಿಟ್ಟಿದ್ದಾರೆ ಮಂತ್ರಿಗಳು.

ಮೋನಪ್ಪ: ಮೇಜಿನ ಮೇಲೆ ಇಡ್ಲಿಕ್ಕೆ ಅಡ್ಡಿ ಇಲ್ಲ. ಆದ್ರೆ ದಿಲ್ಲಿ ಮುಟ್ಟುವಾಗ ಹಳಸ್ತದಲ್ಲ.

ಶಾಮಣ್ಣ: ವಡೆ ಇಡೋದಲ್ಲ ಮಹರಾಯ್ರೇ, ವಿವರಣೆ. ಅದನ್ನ ಬರೆದು ಕಳಿಸ್ಬೇಕಾದೋನು ನಾನು. ಇದ್ದ ಸಿಪಾಯಿಗಳಿಗೂ ಖರ್ಚಾದ ವಡೆಗೂ ತಾಳೆಯೇ ಇಲ್ಲ. ಅವರೇನು ಬಕಾಸುರರಾ?

ಮೋನಪ್ಪ: ಛೆ, ಸಿಪಾಯಿಗಳು ಪಾಪ, ಕೊಟ್ಟಷ್ಟು ತಿಂದು ಹಡಗು ಹತ್ತಿದ್ರು. ವಡೆ ಸರಿ ಉಂಟಾ ಅಂತ ನೋಡ್ಲಿಕ್ಕೆ ಒಬ್ರು ಇನ್‌ಸ್ಪೆಕ್ಟರ್ ಬಂದ್ರು. ಅವರು ಸರಿಯಾಗಿ ನೋಡಿದ್ರಾ ಅಂತ ನೋಡ್ಲಿಕ್ಕೆ ಇನ್ನೊಬ್ರು ಬಂದ್ರು. ಅವರ ಹಿಂದೆ ನಿಮ್ಮ ಆಫೀಸಿನವರು.

ಶಾಮಣ್ಣ: (ದನಿ ತಗ್ಗಿಸಿ) ನಮ್ಮೋರು ಅಂದ್ರೆ ಯಾರ್ರೀ? ಹೆಸರು ಹೇಳಿ, ಈಗಲೇ ವಿಚಾರಿಸ್ತೀನಿ.

ಮೋನಪ್ಪ: ನೀವೇ. ಒಂದು ಮುರಿದು ಮೆಣಸು ಕಡಿಮೆ ಅಂದ್ರಿ. ಮೆಣಸು ಹಾಕಿಸಿ ಪುನಃ ನೋಡಿದ್ರಿ. ಮನೆಯವರನ್ನೂ ಒಂದು ಮಾತು ಕೇಳ್ಬೇಕು ಅಂತ ಕಟ್ಟಿಸ್ಕೊಂಡು ಹೋದ್ರಿ.

ಶಾಮಣ್ಣ ಸುತ್ತ ನೋಡಿ ಮೆಲ್ಲಗೆ ಬೆಂಚಿನ ಮೇಲೆ ಕೂತರು. ಜೇಬಿನಿಂದ ಕಾಗದ ತೆಗೆದು ಗೀಚಿದರು, ಹೊಡೆದು ಹಾಕಿದರು, ಮತ್ತೆ ಗೀಚಿದರು.

ಶಾಮಣ್ಣ: 'ಆಹಾರದ ಗುಣಮಟ್ಟವನ್ನು ಹಲವು ಹಂತಗಳಲ್ಲಿ ಪರೀಕ್ಷಿಸಲಾಯಿತು.' ಸುಳ್ಳಲ್ಲ ತಾನೆ?

ಮೋನಪ್ಪ: ಸುಳ್ಳು ಹೇಗಾಗ್ತದೆ? ಹಂತಹಂತಕ್ಕೂ ಬಡಿಸಿದವ ನಾನೇ ಅಲ್ವಾ.

ಶಾಮಣ್ಣನವರ ಮುಖಕ್ಕೆ ಕಳೆ ಬಂತು. ಒಂದು ಕಾಫಿಯನ್ನೂ ಹೇಳಿದರು. ಅಷ್ಟರಲ್ಲಿ ಅವರ ಕಚೇರಿಯ ಜವಾನ ದಾನಪ್ಪ ಏದುಸಿರು ಬಿಡುತ್ತ ಒಳಗೆ ಬಂದ.

ದಾನಪ್ಪ: ಇಲ್ಲೇ ಅದೀರೇನ್ರಿ? ದಿಲ್ಲಿಯಿಂದ ತಾರು ಬಂದೈತ್ರಿ. ಉತ್ತರ ಗಿತ್ತರ ಏನೂ ಬ್ಯಾಡಂತ. ಎಂಪಿಗಳ ಕಮಿಟಿನ ಬರಾಕತ್ತೈತಿ, ಇಲ್ಲೇ ಕುಂತು ತನಿಖೆ ಮಾಡಾಕ.

ಶಾಮಣ್ಣ: ಕಮಿಟಿ ಅಂದ್ರೆ... ಎಲ್ಲರೂನಾ?

ದಾನಪ್ಪ: ಎಲ್ಲಾರೂ ರೀ. ಜೋಡಿ ಅವರ ಆಫೀಸಿನ ಮಂದಿ ಬ್ಯಾರೆ.

ಶಾಮಣ್ಣ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಮೋನಪ್ಪ ಗಲ್ಲಾ ಬಿಟ್ಟೆದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಭಟ್ಟಿಯ ಮುಂದಿದ್ದ ಕೊರಗನನ್ನು ಕರೆದರು.

ಮೋನಪ್ಪ: ಕೊರಗಾ, ಇದ್ದ ಉದ್ದೆಲ್ಲ ನೆನೆಹಾಕು ಮಾರಾಯ. ಪಾರ್ಲಿಮೆಂಟೇ ಬರ್ತದಂತೆ.