ಸಾವಿಗಿಂತ ಮೊದಲು ಬಂದ ಪೆಟ್ಟಿಗೆ

ಚಿಂತೆ ಬಿಡಿ ಎಂದು ಊರೂರು ಹೇಳಿಕೊಂಡು ತಿರುಗುವವನನ್ನೇ ಹೆದರಿಕೆ ಹುಡುಕಿಕೊಂಡು ಬರುತ್ತದೆ, ಯಾಕೋ ಗೊತ್ತಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಕೊಡಗು ಇನ್ನೂ ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದ ಆ ಕೆಲವು ವರ್ಷ ನಾನು ಸುಂಟಿಕೊಪ್ಪದಲ್ಲಿ ಚರ್ಚಿನ ಉಪದೇಶಿಯಾಗಿದ್ದೆ. ಪಾದ್ರಿಗಳು ತಿಂಗಳಿಗೊಮ್ಮೆ ಬರುವರು. ಉಳಿದ ದಿನ ಕಾಫಿ ತೋಟದ ಆಳುಗಳ ಲೈನ್‌ಮನೆಗಳಿಗೆ ಹೋಗಿ ಪ್ರಾರ್ಥನೆ ನಡೆಸುವುದು, ಧೈರ್ಯ ಹೇಳುವುದು ನನ್ನ ಕೆಲಸ. ಇದ್ದಬದ್ದ ಧೈರ್ಯವನ್ನೆಲ್ಲ ಹಂಚಿಬಿಡುತ್ತಿದ್ದೆನೋ ಏನೋ, ನನಗೆ ಮಾತ್ರ ಒಂದು ಚೂರೂ ಉಳಿಯುತ್ತಿರಲಿಲ್ಲ.

೧. ಅಳತೆ

ಚೆಟ್ಟಳ್ಳಿ ಕಡೆಯ ಒಂದು ತೋಟದ ಲೈನಿನಲ್ಲಿ ನಮ್ಮ ಸಭೆಯ ಅಜ್ಜಿಯೊಬ್ಬರಿದ್ದರು. ಮೈಸೂರು ಕಡೆಯಿಂದ ಗಂಡನ ಜೊತೆ ಕಾಫಿ ಕೊಯ್ಲಿಗೆ ಬಂದು ಇಲ್ಲೇ ನಿಂತವರು. ಆ ಗಂಡ ತೀರಿಕೊಂಡದ್ದು ಮಳೆಗಾಲದಲ್ಲಿ. ದಾರಿಗೆ ಮರ ಬಿದ್ದು ಶವದ ಪೆಟ್ಟಿಗೆ ತರಲಾಗದೆ, ಅವರನ್ನು ಚಾಪೆಯಲ್ಲಿ ಸುತ್ತಿ ಮಣ್ಣು ಮಾಡಿದ್ದರು. ಅಂದಿನಿಂದ ಅಜ್ಜಿಗೆ ಅದೊಂದೇ ಚಿಂತೆ. ನಾನು ಬೈಬಲಿನ ಎಷ್ಟು ವಾಕ್ಯ ಹೇಳಿದರೂ ತಲೆಯಾಡಿಸಿ ಕೇಳುವರು, ಕೊನೆಗೆ, “ಆದ್ರೂ ಉಪದೇಶಿಯೋರೇ, ನಾನೂ ಮಳೆಗಾಲದಲ್ಲೇ ಹೋಗ್ಬಿಟ್ರೆ?” ಎನ್ನುವರು.

ಒಂದು ವರ್ಷ ಕಾಫಿ ಪಿಕ್ಕಿಂಗ್ ಮುಗಿಯುವ ಕಾಲಕ್ಕೆ ತಮಗೊಂದು ಪೆಟ್ಟಿಗೆ ಮಾಡಿಸಲು ಆಚಾರಿಯನ್ನು ಕರೆಸಿಯೇಬಿಟ್ಟರು. ಜಗಲಿಯಲ್ಲಿ ಚಾಪೆ ಹಾಸಿ, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ ಮಲಗಿದರು. ಆಚಾರಿ ಅಳತೆಕೋಲು ಹಿಡಿದು ಕುಳಿತ. ತೋಟದಿಂದ ಬಂದ ಪಕ್ಕದ ಮನೆಯವಳು ಅದನ್ನು ನೋಡಿ, ಬುಟ್ಟಿ ಬಿಸಾಡಿ, ಎದೆ ಬಡಿದುಕೊಂಡು ಅಳತೊಡಗಿದಳು. ಅಜ್ಜಿ ಒಂದೇ ಒಂದು ಕಣ್ಣು ತೆರೆದು, “ಸುಮ್ನಿರೇ, ಅಲುಗಾಡಿದ್ರೆ ಅಳತೆ ತಪ್ತದೆ,” ಎಂದರು.

ಅವಳು ಅಲ್ಲೇ ಜ್ಞಾನ ತಪ್ಪಿ ಬಿದ್ದಳು. ಆಚಾರಿ ಅವಳನ್ನೊಮ್ಮೆ ಉದ್ದಕ್ಕೂ ನೋಡಿ ಕೇಳಿದ: “ಇವರದ್ದೂ ತೆಗೀಬೇಕಾ?”

೨. ಕಾಲು ಬಂದ ಪೆಟ್ಟಿಗೆ

ಆಚಾರಿಯ ‘ನಾಳೆ ಕೊಡ್ತೇನೆ’ಗಳೆಲ್ಲ ಮುಗಿದು ಪೆಟ್ಟಿಗೆ ತಯಾರಾಗುವಾಗ ಮಳೆ ಹಿಡಿದಿತ್ತು. ಅವನೂ ನಾನೂ ಹೊತ್ತುಕೊಂಡು ಹೊರಟೆವು. ಅರ್ಧ ದಾರಿಗೆ ಮಳೆ ಜೋರಾಯಿತು. ಪೆಟ್ಟಿಗೆಯನ್ನು ಬೋರಲು ಹಾಕಿ, ಅವನು ಮುಂದೆ ನಾನು ಹಿಂದೆ, ಇಬ್ಬರೂ ಅದರೊಳಗೆ ತಲೆ ತೂರಿಸಿ ನಡೆದೆವು. ಮಟಮಟ ಮಧ್ಯಾಹ್ನವಾದರೂ ಹೊರಗೆ ಮಂಜು ಕವಿದು ದಾರಿಯೇ ಕಾಣದು. ಒಳಗೆ ಹಸಿ ಹಲಗೆಯ ವಾಸನೆ, ತಲೆಯ ಮೇಲೆ ಮಳೆಯ ಸದ್ದು. ಸತ್ತವರಿಗೆ ಮಳೆ ಹೀಗೇ ಕೇಳಿಸುತ್ತದೇನೋ ಅನ್ನಿಸಿತು. ಧೈರ್ಯಕ್ಕೆಂದು ಗಟ್ಟಿಯಾಗಿ ಒಂದು ಕೀರ್ತನೆ ಹಾಡತೊಡಗಿದೆ.

ಎದುರಿಗೆ ಜೀಪೊಂದು ಬಂದು ನಿಂತ ಸದ್ದಾಯಿತು. ಆಮೇಲೆ ಯಾರೋ ಓಡಿದ ಸದ್ದು. ಪೆಟ್ಟಿಗೆ ಇಳಿಸಿ ನೋಡಿದರೆ ಇಂಜಿನ್ ಗುರುಗುಟ್ಟುತ್ತಿದೆ, ಡ್ರೈವರ್ ಇಲ್ಲ.

ಸಂಜೆ ಅವನು ಸುಂಟಿಕೊಪ್ಪದ ಚಾ ಅಂಗಡಿಯಲ್ಲಿ ಹೇಳುತ್ತಿದ್ದನಂತೆ: “ಪೆಟ್ಟಿಗೆಗೆ ನಾಲ್ಕು ಕಾಲು ಮಾರಾಯ್ರೇ! ಅದನ್ನಾದ್ರೂ ತಡಕೊಳ್ತಿದ್ದೆ. ಹಾಡು ಬೇರೆ ಹೇಳ್ತದೆ! ಆ ಸ್ವರ ಬದುಕಿದ್ದವರದ್ದಲ್ಲವೇ ಅಲ್ಲ!”

೩. ಆಮೆನ್

ಪೆಟ್ಟಿಗೆ ಮನೆಗೆ ಬಂದ ಮೇಲಾದರೂ ಅಜ್ಜಿಯ ಚಿಂತೆ ತೀರಿತೆಂದುಕೊಂಡೆ. ಆದರೆ ಸ್ವಲ್ಪ ದಿನಕ್ಕೇ ಲೈನಿನವರು ಹೇಳಿಕಳಿಸಿದರು: ಹಗಲು ಹೊತ್ತಿನಲ್ಲೇ ಪೆಟ್ಟಿಗೆಯೊಳಗಿಂದ ಕುಟ್ಟುವ ಸದ್ದು ಬರುತ್ತಿದೆ, ಬಂದು ಪ್ರಾರ್ಥನೆ ಮಾಡಿ.

ಹೋದೆ. ಅಜ್ಜಿ ಎಲ್ಲೂ ಕಾಣಲಿಲ್ಲ. ಜನರೆಲ್ಲ ಬಾಗಿಲ ಹೊರಗೇ ನಿಂತು ನನ್ನೊಬ್ಬನನ್ನು ಒಳಗೆ ತಳ್ಳಿದರು. ಮಂಜು ಮನೆಯೊಳಗೂ ಬಂದಿತ್ತು. ಮೂಲೆಯಲ್ಲಿ ಮುಚ್ಚಳ ಹಾಕಿದ ಪೆಟ್ಟಿಗೆ. ಗೋಡೆಗೆ ಒರಗಿ ನಿಂತು, “ಸ್ವಾಮೀ, ಈ ಮನೆಯ ಭಯವನ್ನೆಲ್ಲ ತೆಗೆದುಹಾಕು,” ಎಂದೆ.

ಪೆಟ್ಟಿಗೆಯೊಳಗಿಂದ ಸಣ್ಣ ದನಿಯಲ್ಲಿ “ಆಮೆನ್” ಎಂದು ಬಂತು.

ಹೊಸ್ತಿಲು ಹೇಗೆ ದಾಟಿದೆನೋ ಗೊತ್ತಿಲ್ಲ. ಹಿಂತಿರುಗಿ ನೋಡಿದರೆ ಮುಚ್ಚಳ ಮೆಲ್ಲಗೆ ಎದ್ದು, ಅಜ್ಜಿಯ ಬಿಳಿ ತಲೆ ಹೊರಗೆ ಬಂತು. “ಮನೆಯೆಲ್ಲ ಸೋರ್ತದೆ ಉಪದೇಶಿಯೋರೇ, ಒಣಗಿರೋ ಜಾಗ ಇದೊಂದೇ. ಹಂಗೇ ಗೆದ್ದಲು ಹಿಡಿದದೇನೋ ಅಂತ ಹಲಗೆ ಕುಟ್ಟಿ ನೋಡ್ತಿದ್ದೆ. ಯಾಕೆ ಓಡಿದ್ರಿ? ಭಯ ನನ್ನ ಮನೇಲಿ ಬೇಡ ಅಂದ್ರಿ, ನೀವೇ ಹೊತ್ಕೊಂಡು ಹೋದ್ರಲ್ಲ!”

೪. ಮಣ್ಣು ಮಾಡಿದ ದಿನ

ಕಕ್ಕಡ ತಿಂಗಳ ಜಡಿಮಳೆಯಲ್ಲಿ ಅದೇ ಲೈನಿನ ಒಬ್ಬ ಹರೆಯದವನು ಜ್ವರದಿಂದ ತೀರಿಕೊಂಡ. ಅವನೂ ನಮ್ಮ ಸಭೆಯವನೇ. ಮತ್ತೆ ದಾರಿಗೆ ಮರ ಬಿದ್ದಿತ್ತು, ಆಚಾರಿ ಬರುವಂತಿರಲಿಲ್ಲ. ಹೆಂಡತಿ ಅವನ ಕಾಲು ಹಿಡಿದುಕೊಂಡು, “ಚಾಪೆಲಿ ಸುತ್ತಿ ಕಳಿಸ್ಬೇಡಿ” ಎಂದು ಅಳುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ಅವಳನ್ನೇ ನೋಡಿ ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಕಲ್ಲಿನ ಮೇಲೆ ಏನನ್ನೋ ಎಳೆಯುವ ಸದ್ದು ಕೇಳಿತು. ಕರಕರ ಎನ್ನುವುದು, ನಿಲ್ಲುವುದು, ಮತ್ತೆ ಕರಕರ. ಎಲ್ಲರೂ ಗೋಡೆಗೆ ಸರಿದರು. ಬಂದದ್ದು ಅಜ್ಜಿ, ಪೆಟ್ಟಿಗೆಗೆ ಹಗ್ಗ ಕಟ್ಟಿ ಒಬ್ಬರೇ ಎಳೆದುಕೊಂಡು.

“ಇವನಿಗೆ ಒಸಿ ಗಿಡ್ಡ ಆಗ್ತದೆ. ಮೊಣಕಾಲು ಮಡಿಸಿ ಮಲಗ್ಸಿ,” ಎಂದರು. ನಾನು ಎಲ್ಲರೆದುರೇ ಅತ್ತುಬಿಟ್ಟೆ.

ಮಣ್ಣು ಮಾಡಿ ಬರುವಾಗ ಅವರ ಕೈ ಹಿಡಿದು ನಡೆಸುತ್ತಾ ಕೇಳಿದೆ: “ಅಜ್ಜೀ, ಇನ್ನು ನಿಮಗೇನು ಗತಿ?”

“ಇವತ್ತು ಚೆನ್ನಾಗಿ ನಿದ್ದೆ ಬರ್ತದೆ ಕಣಪ್ಪ. ಗೆದ್ದಲಿನ ಚಿಂತೆ ಹೋಯ್ತು. ಸತ್ತೋರನ್ನ ಎಬ್ಬಿಸೋನು ಸ್ವಾಮಿ ಅಲ್ವಾ? ಚಾಪೆಲಿದ್ರೆ ಅವನಿಗೆ ಗುರುತು ಸಿಗಲ್ವಾ?”

ಇಷ್ಟು ದಿನ ನಾನು ಹೇಳಲು ಹೆಣಗಿದ್ದು ಇದನ್ನೇ. ಅಜ್ಜಿ ನಿಂತು, ಮಂಜಿನಲ್ಲಿ ಮಸುಕಾದ ಸಮಾಧಿಗಳ ಕಡೆ ತಿರುಗಿ ನಕ್ಕರು.

“ನೋಡಿ ಉಪದೇಶಿಯೋರೇ, ಕಡೇ ದಿನ ತುತ್ತೂರಿ ಊದ್ದಾಗ ಪೆಟ್ಟಿಗೆಯೋರೆಲ್ಲ ಒಳಗಿಂದ ಮೊಳೆ ಕೀಳ್ತಾ ಒದ್ದಾಡ್ತಿರ್ತಾರೆ. ಅಷ್ಟರಲ್ಲಿ ನಾನೂ ನನ್ನ ಗಂಡನೂ ಚಾಪೆ ಕೊಡವಿ ಎದ್ದು, ಹಾಜರಿ ಕೂಗೋ ಹೊತ್ತಿಗೆ ಎಲ್ಲರಿಗಿಂತ ಮುಂದೆ ನಿಂತಿರ್ತೀವಿ!”