ಕಮಾಂಡರ್ ತಂಸೀರ್‌ನ ಪ್ಲಾನು

ತಂಸೀರ್‌ನ ಕಿವಿಯ ಮೇಲೆ ಹೆಡ್‌ಸೆಟ್ ಕಂಡಾಗಲೆಲ್ಲ ಸುಧೀರನಿಗೆ ಹೊಟ್ಟೆ ಉರಿಯುತ್ತಿತ್ತು. ನಾಯ್ಮಾರ್ಮೂಲೆಯ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬು ಕಬಡ್ಡಿ ಬಿಟ್ಟು, ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಆಟಕ್ಕೆ ಇಳಿದಿತ್ತು. ನಾಲ್ವರು ವಿಮಾನ ಹಾರಿಸಬೇಕು. ಐದನೆಯವನು ಕಮಾಂಡರ್, ನಕ್ಷೆ ನೋಡಿ ಅಪ್ಪಣೆ ಕೊಡುವವನು. ಆಟವನ್ನು ಊರಿಗೆ ತಂದದ್ದು ಕಂಪ್ಯೂಟರ್ ರಿಪೇರಿಯ ಸುಧೀರ್. ಕಮಾಂಡರ್ ಆದದ್ದು ಚಪ್ಪಲಿ ಅಂಗಡಿಯ ತಂಸೀರ್. ಸುಧೀರನ ಪಾಲಿಗೆ ಬಂದದ್ದು ರನ್‌ವೇ ಕಾಯುವ ಕೆಲಸ.

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಗಣೇಶಪ್ರಸಾದ ಸಿಕ್ಕಿದ. "ಇವತ್ತು ಕುಂಬಳೆಯವರ ಹತ್ತಿರ ಸೋತರೆ ಕಮಾಂಡರನ್ನು ಬದಲು ಮಾಡುವಾ ಅಂತ ಉಂಟು."

"ಮತ್ತೆ ಯಾರು?"

"ನೀನೇ ಮಾರಾಯ, ಬೇರೆ ಯಾರಿದ್ದಾರೆ?"

ಅಲ್ಲಿಗೆ ಸುಧೀರನ ಲೆಕ್ಕ ಸಲೀಸಾಯಿತು. ಇವತ್ತು ಸೋಲಬೇಕು.

ಮಧ್ಯಾಹ್ನ ಕ್ಲಬ್ಬಿನ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟರು. ಊರಿಗೆ ಊರೇ ನೆರೆದಿತ್ತು.

"ಸುಧೀರಣ್ಣ, ನೀವು ರನ್‌ವೇ ಬಿಟ್ಟು ಕದಲಬೇಡಿ, ಆಯ್ತಾ?" ಎಂದ ತಂಸೀರ್. ಅವನು ಮರ್ಯಾದೆಯಿಂದ ಮಾತಾಡುವುದನ್ನಂತೂ ಸುಧೀರನಿಗೆ ಸಹಿಸಲು ಆಗುತ್ತಲೇ ಇರಲಿಲ್ಲ.

ಆಟ ಶುರುವಾದದ್ದೇ ತಡ, ಸುಧೀರ್ ರನ್‌ವೇಗೆ ಬೆನ್ನು ಹಾಕಿ, ಮುಳ್ಳೇರಿಯದ ಕೊನೇ ಬಸ್ಸು ಹಿಡಿಯುವವನಂತೆ ನೇರ ಶತ್ರುಗಳ ಕಡೆಗೆ ವಿಮಾನ ಓಡಿಸಿದ.

"ಎಲ್ಲಿಗೆ ಸುಧೀರಣ್ಣ? ವಾಪಸ್ಸು ಬನ್ನಿ," ಎಂದು ತಂಸೀರ್ ಹೆಡ್‌ಸೆಟ್ಟಿನ ಮೈಕಿನಲ್ಲಿ ಕೂಗಿದ. ಸುಧೀರ್ ಕೇಳದವನಂತೆ ಇದ್ದ. ಕಾವಲಿಲ್ಲದ ರನ್‌ವೇಗೆ ಈಗ ಕುಂಬಳೆಯವರು ಬಾಂಬು ಹಾಕುತ್ತಾರೆ, ಸಂಜೆಗೆ ಹೆಡ್‌ಸೆಟ್ ತನ್ನದು.

ಆದರೆ ಕುಂಬಳೆಯವರಿಗೆ ರನ್‌ವೇ ಬೇಕಾಗಿರಲಿಲ್ಲ. ಇಷ್ಟು ಧೈರ್ಯದಿಂದ ಒಂಟಿಯಾಗಿ ಬರುವವನ ಹಿಂದೆ ದೊಡ್ಡ ಪಡೆಯೇ ಇರಬೇಕೆಂದು ಹೆದರಿ, ಅವರ ನಾಲ್ಕೂ ವಿಮಾನಗಳು ಸುಧೀರನ ಮೇಲೆ ಬಿದ್ದವು. ಅವನ ವಿಮಾನ ಹೊಗೆ ಕಾರುತ್ತಾ ಸಮುದ್ರಕ್ಕೆ ಬಿತ್ತು. ಅಷ್ಟರಲ್ಲಿ ತಂಡದ ಅಕ್ಷಿತ್ ಮತ್ತು ವಿಮಾನ ಹಾರಿಸುವ ಉಳಿದಿಬ್ಬರು ಕಾವಲಿಲ್ಲದ ಶತ್ರುನೆಲೆಯನ್ನು ಪುಡಿ ಮಾಡಿದ್ದರು. ಗೆಲುವು ನಾಯ್ಮಾರ್ಮೂಲೆಯದ್ದು.

"ಒಬ್ಬನನ್ನು ಗಾಳಕ್ಕೆ ಸಿಕ್ಕಿಸಿ ನಾಲ್ಕು ಜನರನ್ನು ಎಳೆದದ್ದು. ಎಂತ ಪ್ಲಾನ್ ಮಾರಾಯ," ಎಂದು ಗಣೇಶಪ್ರಸಾದ ತಂಸೀರ್‌ನನ್ನು ಅಪ್ಪಿಕೊಂಡ.

ತಂಸೀರ್ ಒಂದು ಗಳಿಗೆ ಸುಧೀರನ ಮುಖ ನೋಡಿದ. ಆಮೇಲೆ ಗಂಟಲು ಸರಿ ಮಾಡಿಕೊಂಡು, "ಹೌದು, ಪ್ಲಾನ್ ಹಾಗೇ ಇದ್ದದ್ದು," ಎಂದ.

ಸುಧೀರನದು ಕಳ್ಳನಿಗೆ ಚೇಳು ಕಡಿದ ಸ್ಥಿತಿ. ನಾನು ದ್ರೋಹ ಮಾಡಲು ಹೊರಟಿದ್ದೆ ಎಂದು ಹೇಳುವುದು ಹೇಗೆ? ಫೋನು ಆಫ್ ಮಾಡಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಕತ್ತಲಾಗುವವರೆಗೆ ಹೊಟ್ಟೆಯುರಿಗೆ ಮದ್ದೆಂದು ಒಂದರ ಮೇಲೊಂದು ಲಿಂಬೆ ಶರಬತ್ತು ಕುಡಿದ. ಉರಿ ತಣಿಯಲಿಲ್ಲ.

ಮನೆಗೆ ಬಂದರೆ ಅಂಗಳದಲ್ಲಿ ಟರ್ಪಾಲು, ಪ್ಲಾಸ್ಟಿಕ್ ಕುರ್ಚಿ, ಜನ. ಹೆಂಡತಿ ದಮಯಂತಿ ಚಹಾ ಹಂಚುತ್ತಿದ್ದವಳು ಫೋನು ಹಿಡಿದು ತೋರಿಸಿದಳು. ಕ್ಲಬ್ಬಿನ ಪೋಸ್ಟರುಗಳನ್ನು ಮಾಡುವ ಅಕ್ಷಿತ್, ಅಭಿಮಾನ ಉಕ್ಕಿ, ಸುಧೀರನ ಕಪ್ಪುಬಿಳುಪು ಫೋಟೋ ಹಾಕಿ 'ತಂಡಕ್ಕಾಗಿ ಪ್ರಾಣ ಕೊಟ್ಟ ಸುಧೀರಣ್ಣನಿಗೆ ಶ್ರದ್ಧಾಂಜಲಿ' ಎಂದು ವಾಟ್ಸಾಪಿನಲ್ಲಿ ಬಿಟ್ಟಿದ್ದ. ನಮ್ಮ ಊರಿನಲ್ಲಿ ಅಂಥ ಪೋಸ್ಟರು ಬಂತೆಂದರೆ, ವಿಚಾರಿಸುವ ಮೊದಲೇ ಸಾವಿನ ಮನೆಗೆ ಬಾಡಿಗೆ ಕುರ್ಚಿ ಇಳಿಯುತ್ತದೆ.

"ಸತ್ತದ್ದು ಆಟದಲ್ಲಿ ಅಂತ ಅಕ್ಷಿತ್ ಬಂದು ಹೇಳಿ ಒಂದು ಗಂಟೆ ಆಯ್ತು," ಎಂದಳು ದಮಯಂತಿ. "ಬಂದವರು ಏಳುವುದೇ ಇಲ್ಲ."

ಯಾರೂ ಸುಧೀರನತ್ತ ತಿರುಗಲಿಲ್ಲ. ಎಲ್ಲರ ನಡುವೆ ತಂಸೀರ್ ಕೂತಿದ್ದ. ಚಹಾದ ಲೋಟಗಳನ್ನೇ ವಿಮಾನ ಮಾಡಿಕೊಂಡು ಯುದ್ಧದ ಪ್ಲಾನು ವಿವರಿಸುತ್ತಿದ್ದ.

ಕುರ್ಚಿ ಬಾಡಿಗೆಗೆ ಕೊಡುವ ಕುಂಞಾಲಿ ಹಿಂದಿನ ಸಾಲಿನಿಂದ ಸುಧೀರನ ಅಂಗಿ ಹಿಡಿದು ಎಳೆದ. "ನೀನು ಸ್ವಲ್ಪ ಆಚೆ ನಿಲ್ಲು ಮಾರಾಯ. ಕಮಾಂಡರ್ ಕಾಣುವುದಿಲ್ಲ."