ಗಸಗಸೆ ಪಾಯಸ ಕುಡಿದು ಗಾಡಿ ಓಡಿಸಿದ್ದು

ಈ ಇಂಗ್ಲಿಷರ ದೇಶದ ಕಾನೂನಿನ ಬಗ್ಗೆ ನನಗೆ ಹೆದರಿಕೆಗಿಂತ ಬೆರಗೇ ಹೆಚ್ಚು. ಧಾರವಾಡದಿಂದ ಬಂದಿದ್ದ ನಮ್ಮ ಅವ್ವ ಒಮ್ಮೆ ಗ್ರೀನ್‌ಫರ್ಡಿನ ಅಂಗಡಿಯಲ್ಲಿ ಕಾಯಿಪಲ್ಲೆಗೆಲ್ಲ ದುಡ್ಡು ಕೊಟ್ಟು, ಹೊರಡುವಾಗ ಒಂದು ಕಟ್ಟು ಕೊತ್ತಂಬರಿ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ಸೆಕ್ಯುರಿಟಿಯವನು ತಡೆದ. "ಇಷ್ಟು ಕಾಯಿಪಲ್ಲೆ ತಗೊಂಡೇನಿ, ಕೊಸರು ಬ್ಯಾಡೇನು?" ಎಂದು ಅವ್ವ ಅವನನ್ನೇ ಅಚ್ಚ ಕನ್ನಡದಲ್ಲಿ ವಿಚಾರಿಸಿಕೊಂಡಳು. ನಾನು ಕ್ಷಮೆ ಕೇಳಿ, ಕೊತ್ತಂಬರಿ ವಾಪಸ್ಸಿಟ್ಟು, ಅವಳನ್ನು ಮನೆಗೆ ಕರೆತಂದೆ. ಪಕ್ಕದ ಮನೆಯ ವಲೇರಿಯನ್ ಮಂಗಳೂರಿನವರು, ಇಲ್ಲಿ ವಕೀಲರು. ಕೇಸಾದರೆ ಏನು ಗತಿ ಎಂದು ಅವರನ್ನು ಕೇಳಿದೆ. "ಕಳ್ಳತನ ಅಂತ ಆಗ್ಬೇಕಾದ್ರೆ ಮನಸ್ಸಲ್ಲಿ ಮೋಸ ಇರ್ಬೇಕು ಮಾರಾಯ್ರೆ. ನಿಮ್ಮ ಅಮ್ಮನ ಹತ್ರ ಅದೆಲ್ಲುಂಟು?" ಎಂದರು. ಒಂದು ಕಟ್ಟು ಕೊತ್ತಂಬರಿಗಾಗಿ ಮುದುಕಿಯೊಬ್ಬಳ ಮನಸ್ಸಿನೊಳಗೆ ಇಣುಕುವ ಕಾನೂನು! ನನಗೆ ಕೈ ಮುಗಿಯಬೇಕೆನಿಸಿತು.

ನನ್ನ ಸರದಿ ಬಂದಾಗ ಮಾತ್ರ ಅದೇ ಕಾನೂನು ಮನಸ್ಸನ್ನು ಕೇಳಲಿಲ್ಲ, ಎಂಜಲು ಕೇಳಿತು. ಫೆಲ್ಥಮ್ಮಿನ ಹೋಟೆಲೊಂದರ ಪ್ರಯಾಣಿಕರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುವ ವ್ಯಾನಿನ ಡ್ರೈವರ್ ನಾನು. ಒಂದು ಭಾನುವಾರ ಕ್ರೋಯ್ಡನ್ನಿನ ಮೈಸೂರು ಸ್ನೇಹಿತರ ಹೊಸ ಮನೆಯ ಪೂಜೆಗೆ ಹೆಂಡತಿ ಶಾಂತಾಳೊಂದಿಗೆ ಹೋಗಿದ್ದೆ. ಹೋಳಿಗೆಯ ಮೇಲೆ ಗಸಗಸೆ ಪಾಯಸ ಬಂತು. ನಮ್ಮ ಮನೆಯಲ್ಲಿ ಅದರ ರೂಢಿಯಿಲ್ಲ. "ಇನ್ನೊಂದು ಲೋಟ ಕುಡೀರಿ, ಏನೂ ಆಗಲ್ಲ" ಎಂದು ಮನೆಯಾಕೆ ಬಗ್ಗಿಸುತ್ತಲೇ ಹೋದರು, ನಾನು ಕುಡಿಯುತ್ತಲೇ ಹೋದೆ. ವಾಪಸ್ಸು ಬರುವಾಗ ಕಣ್ಣು ಎಳೆಯತೊಡಗಿತು. ಜಾಗ್ರತೆ ಇರಲೆಂದು ಎಷ್ಟು ನಿಧಾನ ಹೋದೆನೆಂದರೆ ಸೈಕಲ್ಲಿನವರು ತಿರುಗಿ ನೋಡಿ ಮುಂದೆ ಹೋದರು. ಹಿಂದೆ ನೀಲಿ ದೀಪ ಹತ್ತಿತು.

ಏನಾದರೂ ಸೇವಿಸಿದ್ದೀರಾ ಎಂದು ಪೊಲೀಸಿನವನು ಬಹಳ ಮರ್ಯಾದೆಯಿಂದ ಕೇಳಿದ. ನಾನು ಪಾಯಸದ ವಿಷಯ ಹೇಳಿ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಗಸಗಸೆ ಯಾವ ಗಿಡದ್ದು, ಅದೇ ಗಿಡದಿಂದ ಅಫೀಮು ಹೇಗೆ ಬರುತ್ತದೆ ಎಂಬುದನ್ನೂ ವಿವರಿಸಿದೆ. "ಬಾಯಿ ಮುಚ್ಕೊಂಡು ಕೂಡ್ರಿ" ಎಂದು ಶಾಂತಾ ಹಲ್ಲು ಕಚ್ಚಿದಳು. ಅವನು ಅದೇ ಮರ್ಯಾದೆಯಿಂದ ನನ್ನನ್ನು ಕೆಳಗಿಳಿಸಿ, ಅಮಲಿನ ಪರೀಕ್ಷೆಗೆಂದು ನನ್ನ ನಾಲಿಗೆಗೆ ಒಂದು ಕಡ್ಡಿ ಸವರಿ ಎಂಜಲು ತೆಗೆದುಕೊಂಡ.

ಕಡ್ಡಿ ತೀರ್ಪು ಹೇಳುವವರೆಗೆ ವಲೇರಿಯನ್ ಯಾವಾಗಲೋ ಹೇಳಿದ್ದೆಲ್ಲ ನೆನಪಾಯಿತು. ಅಮಲಿನ ವಸ್ತು ರಕ್ತದಲ್ಲಿ ಮಿತಿ ಮೀರಿದ್ದರೆ ಉದ್ದೇಶ ಒಳ್ಳೆಯದಿತ್ತು ಎಂದರೆ ನಡೆಯದು, ಕನಿಷ್ಠ ಒಂದು ವರ್ಷ ಲೈಸೆನ್ಸ್ ಹೋಗುತ್ತದೆ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಅವರು ಹೇಳಿದಂತೆಯೇ ತೆಗೆದುಕೊಂಡು, ಓಡಿಸುವಷ್ಟು ಎಚ್ಚರವಿದ್ದರೆ ಮಾತ್ರ ಬಚಾವು. ನನಗೆ ಬಗ್ಗಿಸಿದವರು ಡಾಕ್ಟರಲ್ಲ. ಲೈಸೆನ್ಸ್ ಹೋದರೆ ವ್ಯಾನಿಲ್ಲ, ವ್ಯಾನಿಲ್ಲದೆ ನೌಕರಿಯಿಲ್ಲ.

ಕಡ್ಡಿ ಏನೂ ಇಲ್ಲವೆಂದಿತು. ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಒಂಟಿ ಕಾಲಲ್ಲಿ ನಿಲ್ಲಿಸಿದ, ಗೆರೆಯ ಮೇಲೆ ನಡೆಸಿದ, ಕಣ್ಣು ಮುಚ್ಚಿ ಮೂಗು ಮುಟ್ಟಿಸಿದ. ಹೊಟ್ಟೆ ತುಂಬ ಹೋಳಿಗೆ ಇಟ್ಟುಕೊಂಡು ನಡುರಸ್ತೆಯಲ್ಲಿ ಓಲಾಡುತ್ತಲೂ ನನಗೆ ಬೆರಗೇ. ನನ್ನ ಮೂಗು ಎಲ್ಲಿದೆಯೆಂದು ಒಂದು ಸರ್ಕಾರ ಇಷ್ಟು ತಾಳ್ಮೆಯಿಂದ ಹಿಂದೆಂದೂ ವಿಚಾರಿಸಿರಲಿಲ್ಲ. ಕೊನೆಗೆ ಅವನು ಕೇಳಿದ, ಹಾಗಾದರೆ ಅಷ್ಟು ನಿಧಾನ, ಅಷ್ಟು ಸೊಟ್ಟ ಏಕೆ ಓಡಿಸುತ್ತಿದ್ದಿರಿ?

ಶಾಂತಾ ಕೆಳಗಿಳಿದು ಬಂದು ಇಂಗ್ಲಿಷಿನಲ್ಲಿ ಸಾಕ್ಷಿ ಹೇಳಿದಳು: ಇವರು ಖಾಲಿ ಹೊಟ್ಟೆಯಲ್ಲಿದ್ದರೂ ಹೀಗೇ ಓಡಿಸುತ್ತಾರೆ, ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ಹೌದೇ ಎನ್ನುವಂತೆ ಅವನು ನನ್ನನ್ನು ನೋಡಿದ. ಒಂದು ಕಡೆ ಲೈಸೆನ್ಸು, ಇನ್ನೊಂದು ಕಡೆ ಡ್ರೈವರನ ಮಾನ. "ಹೌದು ಸರ್, ಯಾವಾಗಲೂ ಹೀಗೇ" ಎಂದೆ.

ಅವನು ತಕ್ಷಣ ನಂಬಿದ. ಕೀಲಿಯನ್ನು ಮಾತ್ರ ಶಾಂತಾಳ ಕೈಗೆ ಕೊಟ್ಟ. ಕ್ರೋಯ್ಡನ್ನಿನವರು ಕಟ್ಟಿಕೊಟ್ಟಿದ್ದ ಪಾಯಸದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಪಕ್ಕದಲ್ಲಿ ಕೂತೆ. ಗಾಡಿ ನೆಟ್ಟಗೆ ಹೊರಟಿತು. ಓಡಿಸುವವನು ನಾನಲ್ಲವಲ್ಲ, ಕಾನೂನಿನ ತಕರಾರೇನೂ ಇರಲಿಲ್ಲ. ಮುಚ್ಚಳ ತೆಗೆದು ಇನ್ನೊಂದು ಗುಟುಕು ಕುಡಿದೆ.